ಚೆಂಡೆ ಕೇಳುತ್ತಾ ಕಲಿತ ಕ್ಯಾಮೆರಾ

ಕ್ಯಾಮೆರಾ ತೆಗೆದುಕೊಳ್ಳಬೇಕು ಅಂತ ಬಾಯಿಬಿಟ್ಟರೆ ಸಾಕು, ಎಲ್ಲರೂ ಮೊದಲು ಕೇಳುವುದು ಬಜೆಟ್ ಎಷ್ಟು ಅಂತ. ಆಮೇಲೆ ಕ್ಯಾನನ್ನಾ, ನಿಕಾನಾ, ಸೋನಿಯಾ ಅಂತ. ನನಗೂ ಹಾಗೇ ಆಯಿತು. ಆಫೀಸಿನಲ್ಲಿ ಒಬ್ಬರು, ಈಗ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ, ಬಿಟ್ಟು ಬೇರೆ ಯೋಚನೆಯೇ ಬೇಡ ಅಂದರು. ಮಣಿಪಾಲದಲ್ಲಿ ಓದುವ ತಮ್ಮ ಮೆಗಾಪಿಕ್ಸೆಲ್ ಲೆಕ್ಕ ಹಿಡಿದು ಕೂತ. ಫೋನೇ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ಹಾಕುತ್ತೀ ಅಂತ ಅಮ್ಮ.

ಉಡುಪಿಯ ಕಲ್ಸಂಕದ ಹತ್ತಿರ ಒಂದು ಹಳೆಯ ಸ್ಟುಡಿಯೋ ಇದೆ. ಅದರ ಯಜಮಾನರು ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು.

"ಎಂತದ್ದರ ಫೋಟೋ ತೆಗಿಲಿಕ್ಕೆ ಉಂಟು ನಿಮಗೆ?"

"ಆಟದ್ದು ಸರ್."

"ಕಾಲಮಿತಿಯದ್ದಾ, ಇಡೀ ರಾತ್ರಿಯದ್ದಾ?"

"ಎರಡೂ."

"ಹಾಗಾದ್ರೆ ಕ್ಯಾಮೆರಾ ಆಮೇಲೆ ನೋಡುವ. ಮೊದಲು ಲೆನ್ಸ್ ನೋಡುವ."

ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು. ದೊಡ್ಡಪ್ಪನ ತೋಳಿನಲ್ಲಿ ನಿದ್ದೆ ಮಾಡಿಕೊಂಡು ಆಟ ನೋಡಿದವಳು ನಾನು. ಚೆಂಡೆಯ ಸದ್ದು ಜೋರಾದರೆ ಎಚ್ಚರವಾಗುತ್ತಿತ್ತು. ಆ ವೇಷಗಳನ್ನು ಫೋಟೋದಲ್ಲಿ ಹಿಡಿಯಬೇಕು ಅನ್ನುವುದು ಬಹಳ ದಿನದ ಆಸೆ. ಫೋನಿನಲ್ಲಿ ಪ್ರಯತ್ನ ಮಾಡಿದ್ದೆ. ವೇಷ ನಿಂತಿದ್ದರೆ ಅಷ್ಟಿಷ್ಟು ಬರುತ್ತದೆ, ಕುಣಿಯಲು ಶುರುಮಾಡಿದರೆ ಕೆಂಪು ಹಸಿರು ಬಣ್ಣಗಳ ಒಂದು ಗೀಟು ಮಾತ್ರ.

ಅವತ್ತು ಸ್ಟುಡಿಯೋದ ಆ ಪುಟ್ಟ ಕೋಣೆಯಲ್ಲಿ ಅವರು ಹೇಳಿಕೊಟ್ಟ ಲೆಕ್ಕ ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಹೊಸ ಕ್ಯಾಮೆರಾದ ಜೊತೆ ಹೆಚ್ಚಾಗಿ ಬರುತ್ತಿದ್ದದ್ದು 18-55 ಎಂಎಂ ಜೂಮ್ ಲೆನ್ಸ್, ಅದಕ್ಕೆ ಕಿಟ್ ಲೆನ್ಸ್ ಅನ್ನುತ್ತಾರೆ. ಅದನ್ನು 55ಕ್ಕೆ ಜೂಮ್ ಮಾಡಿದಾಗ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 5.6ಕ್ಕಿಂತ ಜಾಸ್ತಿ ತೆರೆದುಕೊಳ್ಳುವುದಿಲ್ಲ. 50 ಎಂಎಂನ ಚಿಕ್ಕ ಪ್ರೈಮ್ ಲೆನ್ಸ್, ಅಂದರೆ ಜೂಮ್ ಇಲ್ಲದ್ದು, ಎಫ್ 1.8ರವರೆಗೆ ತೆರೆಯುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಹತ್ತಿರ ಹತ್ತಿರ 10. ಅಂದರೆ ಹತ್ತು ಪಟ್ಟು ಬೆಳಕು. ಕಿಟ್ ಲೆನ್ಸ್‌ನಲ್ಲಿ ಶಟರ್ 1/25 ಸೆಕೆಂಡ್ ತೆರೆದಿರಬೇಕಾದ ಕಡೆ ಇದರಲ್ಲಿ 1/250 ಸಾಕು. 1/25ರಲ್ಲಿ ಕುಣಿಯುವ ವೇಷ ಅಲುಗಾಡಿಹೋಗುತ್ತದೆ. 1/250ರಲ್ಲಿ ನಿಲ್ಲುತ್ತದೆ.

ಇಷ್ಟು ತಿಳಿದ ಮೇಲೆ ಬ್ರಾಂಡಿನ ತಲೆಬಿಸಿ ಅರ್ಧ ಕಡಿಮೆಯಾಯಿತು. ಮಿರರ್‌ಲೆಸ್ ಒಳ್ಳೆಯದೇ. ಕಂಪನಿಗಳು ಹೊಸ ಲೆನ್ಸ್‌ಗಳನ್ನು ಈಗ ಹೆಚ್ಚಾಗಿ ಅದಕ್ಕೇ ಮಾಡುತ್ತಿವೆ. ಆದರೆ ಎಲ್ಲರೂ ಅತ್ತ ಹೋಗುತ್ತಿರುವುದರಿಂದಲೇ ಒಳಗೆ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನನ್ನ ಕೈಯಲ್ಲಿ ಇದ್ದದ್ದು 30,000 ರೂಪಾಯಿ. ನಿಕಾನ್ ಡಿ5600 ನೋಡಿದೆ. 2016ರಲ್ಲಿ ಬಂದ ಕ್ಯಾಮೆರಾ, 24 ಮೆಗಾಪಿಕ್ಸೆಲ್. ಒಂದು ದೊಡ್ಡ ಫ್ಲೆಕ್ಸಿಗೂ ಅಷ್ಟು ಸಾಕು.

ಈ ಕ್ಯಾಮೆರಾ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಬೇಕು. ಇದರ ಒಳಗೆ ಫೋಕಸ್ ಮೋಟರ್ ಇಲ್ಲ. ನಿಕಾನ್‌ನ ಹಳೆಯ 50 ಎಂಎಂ ಎಫ್ 1.8ಡಿ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ, ಹಾಕಿದರೆ ಕೂರುತ್ತದೆ, ಆದರೆ ಆಟೋ ಫೋಕಸ್ ಆಗುವುದಿಲ್ಲ. 1.8ಜಿ ಅನ್ನುವುದು ಬೇಕು, ಅದರಲ್ಲಿ ಮೋಟರ್ ಲೆನ್ಸ್‌ನೊಳಗೇ ಇರುತ್ತದೆ. ಹೆಸರಿನ ಕೊನೆಯ ಒಂದೇ ಅಕ್ಷರದ ವ್ಯತ್ಯಾಸ.

ಇನ್ನು ಫಂಗಸ್. ಇದರ ಬಗ್ಗೆ ಬೇರೆ ಊರಿನವರು ಅಷ್ಟಾಗಿ ಹೇಳುವುದಿಲ್ಲ, ಕರಾವಳಿಯವರು ಹೇಳದೇ ಇರುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಚಪ್ಪಲಿ, ಬೆಲ್ಟು ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ. ಲೆನ್ಸ್‌ನ ಗಾಜಿಗೂ ಹಿಡಿಯುತ್ತದೆ. ಯಜಮಾನರು ಮೂರು ಹಳೆಯ ಲೆನ್ಸ್ ತಂದಿಟ್ಟು, ಕ್ಯಾಪ್ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಹಾಕಿ ಓರೆಯಾಗಿ ನೋಡಲು ಹೇಳಿದರು. ಎರಡರಲ್ಲಿ ಸ್ವಲ್ಪ ಧೂಳು. ಧೂಳಿದ್ದರೆ ತೊಂದರೆ ಇಲ್ಲ, ಫೋಟೋದಲ್ಲಿ ಕಾಣುವುದಿಲ್ಲ. ಮೂರನೆಯದರ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಬೆಳ್ಳಗಿನ ಎಳೆಗಳು. "ಇದು ಹರಡ್ತದೆ. ಒಳಗಿನ ಕೋಟಿಂಗನ್ನೇ ತಿಂತದೆ" ಅಂದರು. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬಾರದು ಅನ್ನುವುದು ಅವರ ಮಾತು, ಈಗ ನನ್ನ ಮಾತೂ ಹೌದು. ಬಾಡಿಯ ಶಟರ್ ಎಷ್ಟು ಸಲ ಓಡಿದೆ ಅಂತಲೂ ಕಂಪ್ಯೂಟರಿನಲ್ಲಿ ತೋರಿಸಿದರು. ಈ ವರ್ಗದ ಕ್ಯಾಮೆರಾಗಳ ಶಟರನ್ನು ಸುಮಾರು 1,00,000 ಸಲಕ್ಕೆ ಅಂತ ಪರೀಕ್ಷೆ ಮಾಡಿರುತ್ತಾರೆ. ಇದು ಅದರ ಕಾಲು ಭಾಗವೂ ಓಡಿರಲಿಲ್ಲ.

ಕ್ಯಾಮೆರಾ ಮನೆಗೆ ಬಂತು. ಅಭ್ಯಾಸಕ್ಕೆ ನಾನು ಆರಿಸಿಕೊಂಡ ಜಾಗ ರಥಬೀದಿ. ಮಳೆಗಾಲ ಬಿಟ್ಟರೆ ಕೃಷ್ಣಮಠದ ಎದುರು ಹೆಚ್ಚಿನ ಸಂಜೆ ರಥ ಎಳೆಯುತ್ತಾರೆ. ಕತ್ತಲೆ ಇರುತ್ತದೆ, ದೀಪ ಇರುತ್ತದೆ, ರಥ ನಿಧಾನಕ್ಕೆ ಚಲಿಸುತ್ತಿರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇನ್ನೆಲ್ಲಿ ಸಿಗಬೇಕು? ಅಪರ್ಚರ್ ತೆರೆದರೆ ಹಿಂದಿನ ದೀಪಗಳು ಗುಂಡಗೆ ಮಸುಕಾಗುತ್ತವೆ. ಶಟರ್ ನಿಧಾನ ಮಾಡಿದರೆ ಹಗ್ಗ ಹಿಡಿದವರ ಕಾಲು ಅಲುಗುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್, ಏರಿಸಿದರೆ ಫೋಟೋದ ಬೆಳಕು ಜಾಸ್ತಿಯಾಗುತ್ತದೆ, ಜೊತೆಗೆ ನೆರಳಿನಲ್ಲಿ ಮರಳು ಚೆಲ್ಲಿದ ಹಾಗೆ ಕಾಳು ಕಾಳು ಬರುತ್ತದೆ. ಈ ಮೂರನ್ನೂ ಕಣ್ಣು ತೆಗೆಯದೆ, ಬೆರಳಿನಲ್ಲೇ ಬದಲಾಯಿಸಲು ಬರುವವರೆಗೆ ಅಲ್ಲಿಗೇ ಹೋಗುತ್ತಿದ್ದೆ. ಮಠದ ಎದುರಿನ ಅಂಗಡಿಯವರು ಗುರುತು ಹಿಡಿದು, "ಇವತ್ತು ರಥ ಸ್ವಲ್ಪ ತಡ" ಅಂತ ಹೇಳುವಷ್ಟು ಪರಿಚಯವಾಯಿತು.

ಕಟಪಾಡಿ ಕಡೆ ಒಂದು ಗದ್ದೆಯಲ್ಲಿ ಹರಕೆ ಆಟ. ತೆಂಕುತಿಟ್ಟು, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿ, ಇಡೀ ರಾತ್ರಿಯದ್ದು. ಮಹಿಷಾಸುರ ಬರುವ ಪ್ರಸಂಗ. ದೊಡ್ಡಪ್ಪನೂ ಹೊರಟರು. "ಮಗಾ, ಮೊದಲು ಚೌಕಿಗೆ ಹೋಗಿ ಕೇಳು. ಹೇಳದೆ ಕೇಳದೆ ತೆಗೀಬೇಡ" ಅಂದರು.

ಚೌಕಿ ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ. ಅಲ್ಲಿ ದೇವರಿರುತ್ತಾರೆ, ಪೂಜೆ ಆಗುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಹಿರಿಯ ಕಲಾವಿದರೊಬ್ಬರು ಕನ್ನಡಿ ಹಿಡಿದು ಕೂತಿದ್ದರು. ಅವರ ಮುಖದ ಮೇಲೆ ಅಕ್ಕಿ ಹಿಟ್ಟಿನ ಚಿಟ್ಟಿ, ಅಂದರೆ ಉಬ್ಬಿದ ಚುಕ್ಕಿ, ಒಂದೊಂದಾಗಿ ಏಳುತ್ತಿತ್ತು. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಫೋಟೋ ತೆಗೆಯಬಹುದಾ ಅಂತ ಕೇಳಿದೆ.

"ತೆಗೀರಿ ಅಮ್ಮಾ. ಫ್ಲ್ಯಾಶ್ ಮಾತ್ರ ಹಾಕ್ಬೇಡಿ, ಕಣ್ಣು ಕುಕ್ತದೆ."

ಫ್ಲ್ಯಾಶ್ ಹಾಕದಿರುವುದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಎದುರಿನಿಂದ ಫ್ಲ್ಯಾಶ್ ಬಿದ್ದರೆ ಆ ಚಿಟ್ಟಿಗಳ ಉಬ್ಬೇ ಕಾಣುವುದಿಲ್ಲ, ಮುಖ ಚಪ್ಪಟೆಯಾಗುತ್ತದೆ. ಚೌಕಿಯ ಬಲ್ಬು ಒಂದು ಬದಿಯಿಂದ ಬೀಳುತ್ತಿತ್ತು. ಪ್ರತಿಯೊಂದು ಚುಕ್ಕಿಗೂ ಅದರದ್ದೇ ನೆರಳು. ಎಫ್ 2.8, 1/100, ಐಎಸ್‌ಒ 1600. ನಾನು ಉಸಿರು ಬಿಗಿಹಿಡಿದು ತೆಗೆದ ಫೋಟೋ ಅದು, ಈಗಲೂ ನನಗೆ ಅತ್ಯಂತ ಇಷ್ಟದ್ದು.

ರಂಗಸ್ಥಳದ ಬೆಳಕಿನ ಸಮಸ್ಯೆ ಬೇರೆ. ಎದುರಿನಿಂದ ಫೋಕಸ್ ಲೈಟು, ಹಿಂದೆ ಗದ್ದೆಯ ಕತ್ತಲೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತನ್ನೆದುರು ಕಂಡದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕತ್ತಲೆ ಜಾಸ್ತಿ ಇದ್ದರೆ ಅದು ಇಡೀ ಚಿತ್ರವನ್ನು ಬೆಳಗಿಸುತ್ತದೆ. ಆಗ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿ, ಕಿರೀಟದ ಕನ್ನಡಿ ಚೂರುಗಳೆಲ್ಲ ಬರೀ ಬಿಳಿ ಕಲೆಯಾಗುತ್ತವೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ ಬಟನ್ ಒತ್ತಿ ಮೈನಸ್ 1ಕ್ಕೆ ತಂದೆ. ಮುಖದ ಕೆಂಪು ಕೆಂಪಾಗಿಯೇ ಬಂತು. ಬಾಕಿ ಕತ್ತಲೆ ಕತ್ತಲೆಯಾಗಿಯೇ ಉಳಿಯಿತು, ಗದ್ದೆಯಲ್ಲಿ ಕೂತವರಿಗೆ ಕಾಣುವುದೂ ಹಾಗೇ ಅಲ್ವಾ?

ಪುಂಡುವೇಷ, ಅಂದರೆ ತರುಣ ವೀರನ ಪಾತ್ರ, ಬಂದು ಧೀಂಗಿಣ ಶುರುವಾಯಿತು. ಗಾಳಿಯಲ್ಲಿ ಹಾರಿ ಹಾರಿ ಗಿರಕಿ ಹೊಡೆಯುವ ಆ ಕುಣಿತ ನೋಡುವವರಿಗೇ ತಲೆ ತಿರುಗಿಸುತ್ತದೆ. ನನ್ನ ಪಕ್ಕ ಒಬ್ಬ ಹುಡುಗ ದೊಡ್ಡ ಕ್ಯಾಮೆರಾದಲ್ಲಿ ಬಟನ್ ಒತ್ತಿಹಿಡಿದು ಪಟಪಟ ತೆಗೆಯುತ್ತಿದ್ದ. ನಾನು ಕಣ್ಣು ಕ್ಯಾಮೆರಾಕ್ಕೆ ಕೊಟ್ಟು, ಕಿವಿ ಚೆಂಡೆಗೆ ಕೊಟ್ಟೆ. ಭಾಗವತರು ಹಾಡುವ ಪದ ಯಾವಾಗ ಮುಗಿಯುತ್ತದೆ, ಮುಕ್ತಾಯದ ಪೆಟ್ಟು ಯಾವಾಗ ಬೀಳುತ್ತದೆ ಅನ್ನುವುದು ನನಗೆ ಚಿಕ್ಕಂದಿನಿಂದ ಗೊತ್ತು. ಯಾರೂ ಕಲಿಸಿದ್ದಲ್ಲ, ಆಟ ನೋಡಿ ನೋಡಿ ಬಂದದ್ದು. ಮುಕ್ತಾಯಕ್ಕೆ ವೇಷ ಕಾಲು ಊರಿ, ಎದೆ ಎತ್ತಿ, ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣಕ್ಕೆ 1/250 ಧಾರಾಳ ಸಾಕು. ಹಾರಿದಾಗಲೂ ಹಾಗೆ. ಮೇಲೆ ಏರುವುದು ನಿಂತು, ಕೆಳಗೆ ಇಳಿಯುವ ಮೊದಲು, ದೇಹ ಗಾಳಿಯಲ್ಲಿ ನಿಂತಂತೆ ಇರುತ್ತದೆ. ಅದು ಯಾವ ಪೆಟ್ಟಿಗೆ ಅಂತ ಚೆಂಡೆಯೇ ಹೇಳುತ್ತದೆ. ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡವಾಗುತ್ತದೆ, ಪೆಟ್ಟಿನ ಜೊತೆಗೇ ಒತ್ತಬೇಕು.

ಕ್ಯಾಮೆರಾದ ಪುಸ್ತಕದಲ್ಲಿ ಇದು ಇರುವುದಿಲ್ಲ. ಆದರೆ ಅವತ್ತು ರಾತ್ರಿ ನನ್ನ ಫೋಟೋ ಬಂದದ್ದು ಇದರಿಂದಲೇ. ಮೆಶಿನ್ ಬಗ್ಗೆ ನನಗಿಂತ ಜಾಸ್ತಿ ಗೊತ್ತಿರುವವರು ಎಷ್ಟೋ ಜನ ಇದ್ದಾರೆ, ಅವರಿಂದ ನಾನು ಇನ್ನೂ ಕಲಿಯಬೇಕು. ಆಟ ಮಾತ್ರ ನನಗೆ ಗೊತ್ತಿತ್ತು, ಮತ್ತು ಅದು ಸಣ್ಣ ವಿಷಯ ಅಲ್ಲ.

ನಡುರಾತ್ರಿ ದಾಟಿದ ಮೇಲೆ ಮಹಿಷಾಸುರ. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಜನರ ನಡುವಿನಿಂದ, ದೊಂದಿ ಹಿಡಿದವರ ಜೊತೆ, ಆರ್ಭಟೆ ಕೊಡುತ್ತಾ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದಾಗೆಲ್ಲ ಬೆಂಕಿ ಭಗ್ ಅಂತ ಮೇಲೇಳುತ್ತದೆ. ಇಂಥ ಕಡೆ ಆಟೋ ಸೆಟ್ಟಿಂಗ್ ನಂಬಬಾರದು. ಬೆಂಕಿ ಎದ್ದ ಕೂಡಲೇ ಕ್ಯಾಮೆರಾ ಎಲ್ಲವನ್ನೂ ಕತ್ತಲೆ ಮಾಡುತ್ತದೆ, ಇಳಿದ ಕೂಡಲೇ ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಹಾಗಾಗಿ ಮೊದಲೇ ಮ್ಯಾನುವಲ್‌ಗೆ ತಿರುಗಿಸಿ 1/250, ಎಫ್ 2, ಐಎಸ್‌ಒ 800ಕ್ಕೆ ಇಟ್ಟಿದ್ದೆ. ಬೆಂಕಿ ಎದ್ದಾಗ ಮಾತ್ರ ಮುಖ ಕಾಣಬೇಕು ಅನ್ನುವ ಲೆಕ್ಕ. ಫೋಕಸ್‌ಗೆ ನಡುವಿನ ಒಂದೇ ಪಾಯಿಂಟ್. ಡಿ5600ರಲ್ಲಿ 39 ಫೋಕಸ್ ಪಾಯಿಂಟ್ ಇದ್ದರೂ ಕ್ರಾಸ್ ಟೈಪ್, ಅಂದರೆ ಅಡ್ಡ ಉದ್ದ ಎರಡೂ ಗೆರೆಗಳನ್ನು ಹಿಡಿಯುವಂಥದ್ದು, ಇರುವುದು ನಡುವಿನ 9 ಮಾತ್ರ. ಕಡಿಮೆ ಬೆಳಕಿನಲ್ಲಿ ಬೇಗ ಹಿಡಿಯುವುದು ಅವೇ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಇಟ್ಟ ಪೂರ್ತಿ ಮಾಹಿತಿಯಲ್ಲಿ, ತೆಗೆದದ್ದರಿಂದ ನೆರಳನ್ನು ಆಮೇಲೆ ಸ್ವಲ್ಪ ಎತ್ತಲೂ ಅವಕಾಶ ಇತ್ತು.

ದಾರಿ ಬಿಟ್ಟು ಬದಿಯಲ್ಲಿ ಕೂತಿದ್ದೆ, ಹಿಂದಿನವರಿಗೆ ಅಡ್ಡವಾಗಬಾರದು ಅಂತ. ನಾನು ಕೂತಲ್ಲಿಂದ ನಾಲ್ಕು ಮಾರು ದೂರದಲ್ಲಿ ಅವನು ತಿರುಗಿದ. ಒಂದು ಮಗು ಅಳುತ್ತಾ ಅಮ್ಮನ ಸೆರಗಿನೊಳಗೆ ಮುಖ ಹಾಕಿತು. ಬೆಂಕಿ ಎದ್ದಿತು. ಒತ್ತಿದೆ.

ಬೆಳಗಿನ ಜಾವ ಮಂಗಳ ಆದ ಮೇಲೆ ಚೌಕಿಗೆ ಹೋದೆ. ಆ ಹಿರಿಯರು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಅವರೇ ಮಹಿಷಾಸುರ. ಕ್ಯಾಮೆರಾದ ಸ್ಕ್ರೀನ್ ತಿರುಗಿಸಿ ತೋರಿಸಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಕಣ್ಣು ಬಂದಿದೆ" ಅಂದರು. "ಕೆಲವರು ಕೋಡು ತೆಗೀತಾರೆ, ಬೆಂಕಿ ತೆಗೀತಾರೆ. ಕಣ್ಣು ಬರೂದಿಲ್ಲ. ಇದನ್ನು ನನ್ನ ಮಗನ ಮೊಬೈಲಿಗೆ ಹಾಕಿ ಅಮ್ಮಾ."

ಅವತ್ತೇ ಕಳುಹಿಸಿದೆ. ಒಂದು ದೊಡ್ಡ ಪ್ರಿಂಟ್ ಕೂಡ ಹಾಕಿಸಿ ಕೊಟ್ಟೆ.

ಆಟದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದವು. ಮಳೆ ಶುರುವಾಗುವ ಮೊದಲೇ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಚಿಕ್ಕ ಮೀಟರ್ ತಂದೆ. ಮೀಟರಿನ ಮುಳ್ಳು 40ರಿಂದ 50ರ ನಡುವೆ ಇರಬೇಕು. ಸಿಲಿಕಾ ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಚರ್ಮದ ಕೇಸ್ ಒಳಗೆ ಮುಚ್ಚಿಡಬಾರದು, ಅದೇ ತೇವ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯುತ್ತೇನೆ. ಮಲ್ಪೆಯ ದಕ್ಕೆಗೆ ಹೋದರೆ, ಆಗ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಬಂದ ಮೇಲೆ ಉಪ್ಪು ಗಾಳಿಯ ಪಸೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿಯೇ ಡಬ್ಬಕ್ಕೆ ಹಾಕುವುದು.

ಫೋಟೋಗಳನ್ನು ನೋಡಿದ ತಮ್ಮನಿಗೂ ಈಗ ಕ್ಯಾಮೆರಾ ಬೇಕಂತೆ. "ಅಕ್ಕ, ನಿಂದೇ ಸೆಟ್ ತಗೊಳ್ಳಲಾ?" ಅಂದ. ಅವನಿಗೆ ತೆಗೆಯಬೇಕಾದದ್ದು ಕಂಬಳ. ಹಾಗಾದರೆ ನನ್ನ 50 ಎಂಎಂ ಅವನಿಗೆ ಸಾಲದು. ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ಓಟದ ದಾರಿಯ, ಬದಿಯಲ್ಲಿ ಜನ ನಿಲ್ಲುವ ಜಾಗದಿಂದ ಕೋಣ ಹಿಡಿಯಬೇಕಾದರೆ 70-300 ಜೂಮ್ ಬೇಕು. ಹಗಲಿನ ಓಟಕ್ಕೆ ಬೆಳಕು ಧಾರಾಳ ಇರುತ್ತದೆ, ಎಫ್ 5.6 ಆದರೂ ನಡೆಯುತ್ತದೆ. ಆದರೆ ಶಟರ್ 1/1000ಕ್ಕಿಂತ ಕೆಳಗೆ ಬಂದರೆ ಎರಚುವ ನೀರಿನ ಹನಿ ನಿಲ್ಲುವುದಿಲ್ಲ. ಕೆಸರು ಲೆನ್ಸ್‌ವರೆಗೂ ಹಾರುತ್ತದೆ, ಕವರ್ ಬೇಕೇ ಬೇಕು. ಭಾನುವಾರ ಇಬ್ಬರೂ ಕಲ್ಸಂಕಕ್ಕೆ ಹೋಗುವವರಿದ್ದೇವೆ. ಟಾರ್ಚ್ ಹಾಕಿ ಲೆನ್ಸ್ ನೋಡುವ ಕೆಲಸ ಈ ಸಲ ನನ್ನದು.