‘ಈ ಆರೋಗ್ಯದಲ್ಲಿ ಇದೆಲ್ಲ ಬೇಕಿತ್ತಾ?’

ಈ ಪ್ರಶ್ನೆ ಕೇಳದವರು ಕಡಿಮೆ. ಸೋದರತ್ತೆ ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ, ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಹಾಸಿಗೆಯವರೂ ಕೇಳಿದ್ದಾರೆ. ನನ್ನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುತ್ತೇನೆ. ಉಳಿದ ಹೊತ್ತಿನಲ್ಲಿ ಒಂದು ಹಳೇ ಮಾರುತಿ ಎಸ್ಟೀಮ್‌ಗೆ ಟರ್ಬೊ, ಅಂದರೆ ಇಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ ಒಳಗೆ ಹೆಚ್ಚು ಗಾಳಿ ತುಂಬುವ ಪಂಪು, ಕೂರಿಸುತ್ತಿದ್ದೇನೆ. ಜನ ಕೇಳದೆ ಇನ್ನೇನು ಮಾಡ್ತಾರೆ! ಇಷ್ಟು ದಿನ ಸುಮ್ನೆ ನಕ್ಕು ಜಾರಿಕೊಳ್ಳುತ್ತಿದ್ದೆ. ಪೂರ್ತಿ ಉತ್ತರ ಬರೆಯುವಷ್ಟು ಪುರುಸೊತ್ತು ಈಗ ಸಿಕ್ಕಿದೆ.

ಡಯಾಲಿಸಿಸ್‌ನಲ್ಲಿ ಯಾವುದೂ ಮುಗಿಯುವುದಿಲ್ಲ. ಪಂಪು ನಿಮಿಷಕ್ಕೆ ಸುಮಾರು 300 ಮಿಲಿ ರಕ್ತ ಎಳೆದು, ಫಿಲ್ಟರಿನಲ್ಲಿ ಹಾಯಿಸಿ, ವಾಪಸು ಕೊಡುತ್ತದೆ. ನಾಲ್ಕು ಗಂಟೆಗೆ ಎಪ್ಪತ್ತು ಲೀಟರಿನ ಮೇಲೆ. ಮೈಯಲ್ಲಿ ಇರುವುದೇ ಐದು ಲೀಟರಿನ ಆಸುಪಾಸು, ಅಂದರೆ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತದೆ. ತೂಕ ಇಳಿಯುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮನೆಗೆ ಬಂದು ಅರ್ಧ ಲೋಟ ನೀರು ಕುಡಿದ ಕ್ಷಣದಿಂದ ಲೆಕ್ಕ ಮತ್ತೆ ಮೊದಲಿನಿಂದ ಶುರು. ಎಷ್ಟೇ ಶಿಸ್ತಾಗಿದ್ದರೂ ನಾಡಿದ್ದು ಅದೇ ಹಾಸಿಗೆ. ಕಾರು ಹಾಗಲ್ಲ. ಟಾರ್ಕ್ ರೆಂಚ್ ಹಿಡಿದು ಬಿಗಿ ಮಾಡಿದ ಬೋಲ್ಟ್ ಮುಂದಿನ ವಾರವೂ ಬಿಗಿಯಾಗೇ ಇರುತ್ತದೆ. ನಾನು ಮಾಡಿದ ಕೆಲಸ ಮಾಡಿದ ಜಾಗದಲ್ಲೇ ಉಳಿಯುತ್ತದೆ. ನನ್ನ ಬದುಕಿನಲ್ಲಿ ಈಗ ಹಾಗೆ ಉಳಿಯುವ ಕೆಲಸ ಇದೊಂದೇ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ.

‘ದೇಹವೂ ಒಂದು ಇಂಜಿನ್ನೇ ಬಿಡಿ’ ಎಂದು ಕೆಲವರು ತತ್ವ ಹೇಳಲು ಬರುತ್ತಾರೆ. ಖಂಡಿತ ಅಲ್ಲ. ಇಂಜಿನ್ ಕೆಡುವ ಮುಂಚೆ ಸದ್ದು ಮಾಡುತ್ತದೆ, ಹೊಗೆ ಬಿಡುತ್ತದೆ, ಆಯಿಲ್ ಸೋರಿಸುತ್ತದೆ. ನನ್ನ ಕಿಡ್ನಿ ಉಸಿರೇ ಎತ್ತಲಿಲ್ಲ. ನನಗಿರುವುದು ಐಜಿಎ ನೆಫ್ರೋಪತಿ. ಮೈಯನ್ನು ಕಾಯಬೇಕಾದ ಐಜಿಎ ಎಂಬ ಪ್ರತಿಕಾಯ ಕಿಡ್ನಿಯ ಸೋಸುವ ಗಂಟುಗಳಲ್ಲೇ ಕೂತುಕೊಂಡು ಅವನ್ನು ಹಾಳು ಮಾಡುತ್ತದೆ. ಸಕ್ಕರೆ ಕಾಯಿಲೆ ಇಲ್ಲದ, ಕುಡಿಯದ, ಸೇದದ ವಯಸ್ಸಿನ ಹುಡುಗರಿಗೂ ಬರುತ್ತದೆ. ಬಿಪಿ ಜಾಸ್ತಿ ಇದೆ ಎಂದು ಪರೀಕ್ಷೆ ಮಾಡಿಸಿದಾಗ ನನಗೆ ಗೊತ್ತಾಯಿತು. ಅಷ್ಟರಲ್ಲಿ ಮುಗಿದಿತ್ತು. ಅಲ್ಲದೆ ಶಿವಾಜಿನಗರದ ಗುಜರಿಯಲ್ಲಿ ಎಸ್ಟೀಮ್‌ನ ಹೆಡ್ ಸಿಗುತ್ತದೆ, ಕಿಡ್ನಿ ಸಿಗುವುದಿಲ್ಲ.

ಎಸ್ಟೀಮೇ ಯಾಕೆ? ಅದರ 1,298 ಸಿಸಿ ಇಂಜಿನ್ನಿನ ಹದಿನಾರು ವಾಲ್ವಿನ ರೂಪ 85 ಬಿಎಚ್‌ಪಿ ಕೊಡುತ್ತಿತ್ತು. ಕಾರಿನ ತೂಕ 900 ಕೆ.ಜಿ.ಗಿಂತ ಕಡಿಮೆ. ಅದೇ ಕುಟುಂಬದ ಇಂಜಿನ್ ಜಿಪ್ಸಿಯಲ್ಲೂ ಮೊದಲ ಸ್ವಿಫ್ಟ್‌ನಲ್ಲೂ ಇತ್ತು. ಹಾಗಾಗಿ ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಅರ್ಧ ಕೆಲಸ ಆಗುತ್ತದೆ. ಟರ್ಬೊ ಬಂದಿದ್ದು ಒಂದು ಡೀಸೆಲ್ ಕಾರಿನಿಂದ. ನಮ್ಮಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ, ಅಗ್ಗ ಅಂತ. ಆದರೆ ಪೆಟ್ರೋಲ್ ಇಂಜಿನ್ನಿನಿಂದ ಬರುವ ಹೊಗೆ ಡೀಸೆಲ್‌ನದಕ್ಕಿಂತ ಬಹಳ ಬಿಸಿ, 900 ಡಿಗ್ರಿ ದಾಟಬಲ್ಲದು. ಆದ್ದರಿಂದ ಟರ್ಬೊಗೆ ಹೋಗುವ ಆಯಿಲ್ ಲೈನಿನ ಮೇಲೆ ಕಣ್ಣಿಟ್ಟೇ ಇರಬೇಕು. ಅದರೊಳಗಿನ ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ, ಅದರ ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವುದು ಆಯಿಲ್ಲಿನ ಒಂದು ಪೊರೆ ಮಾತ್ರ.

ಒಳಗಿನ ಪಿಸ್ಟನ್ ಕಂಪನಿಯವೇ, ಎರಕದವು. ಅವು ತಾಳುವಷ್ಟೇ ಒತ್ತಡ ಕೊಡಬೇಕು. ನಾನು ಅರ್ಧ ಬಾರ್‌ಗೆ ನಿಲ್ಲಿಸಿದ್ದೇನೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನರ್ಧ. ಲೆಕ್ಕದ ಪ್ರಕಾರ ಒಂದೂವರೆ ಪಟ್ಟು ಗಾಳಿ ಒಳಗೆ ಹೋಗಬೇಕು. ನಿಜದಲ್ಲಿ ಅಷ್ಟಿಲ್ಲ, ಯಾಕೆಂದರೆ ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಅದಕ್ಕೇ ಗಾಳಿಯನ್ನು ತಣ್ಣಗೆ ಮಾಡಲು ಬಂಪರ್ ಹಿಂದೆ ಇಂಟರ್‌ಕೂಲರ್. ‘ಇನ್ನೊಂಚೂರು ಏರಿಸಿ ಸಾರ್, ಮಜಾ ಇರುತ್ತೆ’ ಎನ್ನುವ ಹುಡುಗರು ಗ್ಯಾರೇಜಿಗೆ ಬರುತ್ತಲೇ ಇರುತ್ತಾರೆ. ಅವರಿಗೆ ನಾಕಿಂಗ್ ಆಗಿ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿದು) ರಿಂಗಿನ ಪಕ್ಕ ಮುರಿದ ಪಿಸ್ಟನ್ನೊಂದನ್ನು ನಮ್ಮ ಮೆಕ್ಯಾನಿಕ್ ಕೈಗೆ ಕೊಡುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಇನ್ನು ನನ್ನ ಎಡಗೈ. ಮಣಿಕಟ್ಟಿನ ಮೇಲೆ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಮುಟ್ಟಿದರೆ ಜುಮ್ ಎನ್ನುತ್ತದೆ. ದಪ್ಪ ಸೂಜಿ ಚುಚ್ಚುವುದು ಅಲ್ಲೇ. ಆ ಕೈಯಲ್ಲಿ ಬಿಪಿ ನೋಡುವಂತಿಲ್ಲ, ವಾಚು ಕಟ್ಟುವಂತಿಲ್ಲ, ಭಾರ ಎತ್ತುವಂತಿಲ್ಲ. ಗೇರ್ ಬಾಕ್ಸ್ ಇಳಿಸುವಾಗ ನಾನು ಬರೀ ಟಾರ್ಚ್ ಹಿಡಿಯುವವನು. ಗೇರ್ ಲಿವರ್ ಎಡಗೈಗೇ ಬರುತ್ತದೆ ನೋಡಿ, ಅದಕ್ಕೆ ಡಾಕ್ಟರನ್ನು ಮೊದಲೇ ಕೇಳಿಕೊಂಡೆ. ಗಾಯ ಆಗದ ಹಾಗೆ ಉದ್ದ ತೋಳಿನ ಸಡಿಲ ಅಂಗಿ ಹಾಕಿಕೊಳ್ಳಿ, ಡಯಾಲಿಸಿಸ್ ದಿನ ಸ್ಟಿಯರಿಂಗ್ ಮುಟ್ಟಬೇಡಿ ಎಂದರು. ಆ ದಿನ ಮುಟ್ಟುವ ತಾಕತ್ತೂ ಇರುವುದಿಲ್ಲ. ಬಿಪಿ ಇಳಿದು, ಕಾಲು ಸೆಳೆದು, ಹಿಂಡಿ ಹಾಕಿದ ಹಾಗಿರುತ್ತೇನೆ. ಸೊಂಟ ಹಿಡಿದರೆ ಎಲ್ಲರೂ ನುಂಗುವ ನೋವಿನ ಮಾತ್ರೆಗಳು ಬಹುಪಾಲು ನನಗೆ ನಿಷಿದ್ಧ. ಕಾರಿನ ಕೆಳಗೆ ಎಷ್ಟು ಹೊತ್ತು ಮಲಗಬಹುದು ಎಂಬುದನ್ನು ಸೊಂಟವೇ ನಿರ್ಧರಿಸುತ್ತದೆ. ಬಿಸಿಲಲ್ಲಿ ಕೆಲಸ ಮಾಡುವುದು ನೋಡಿ ಪಕ್ಕದ ಮನೆಯ ಆಂಟಿ ಪ್ರೀತಿಯಿಂದ ಎಳನೀರು ತಂದುಕೊಡುತ್ತಾರೆ. ಅದರಲ್ಲಿರುವ ಪೊಟ್ಯಾಸಿಯಂ ನನ್ನ ಹೃದಯದ ಬಡಿತವನ್ನೇ ಕೆಡಿಸಬಹುದು. ಅದನ್ನು ಅವರಿಗೆ ಬಿಡಿಸಿ ಹೇಳುವುದು ಟರ್ಬೊ ಬಗ್ಗೆ ಹೇಳುವುದಕ್ಕಿಂತ ಕಷ್ಟ.

ಆದರೆ ಹಾಸಿಗೆಯ ಆ ನಾಲ್ಕು ಗಂಟೆ ದಂಡವಲ್ಲ. ಈ ಕಾರಿನ ಇಸಿಯು, ಅಂದರೆ ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಎಂದು ನಿರ್ಧರಿಸುವ ಕಂಪ್ಯೂಟರು, ಸ್ಪೀಡುಯಿನೊ. ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದದ್ದು. ಓಡಿಸಿದಾಗ ದಾಖಲಾದದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋಗುತ್ತೇನೆ. ಎಡಗೈ ಅಲ್ಲಾಡಿಸದೆ ಬಲಗೈಯಲ್ಲೇ ಸಾಲು ಸಾಲಾಗಿ ನೋಡುತ್ತೇನೆ. ಸುಮ್ಮನೆ ಓಡುವಾಗ ಗಾಳಿ-ಪೆಟ್ರೋಲ್ ಅನುಪಾತ 14.7ರ ಹತ್ತಿರ ಇರಬೇಕು. ಟರ್ಬೊ ಒತ್ತುವಾಗ 12ರ ಕೆಳಗೆ ಇಳಿಯಬೇಕು, ಅಂದರೆ ಪೆಟ್ರೋಲ್ ಪಾಲು ಜಾಸ್ತಿಯಾಗಬೇಕು, ಇಲ್ಲದಿದ್ದರೆ ಪಿಸ್ಟನ್ ಸುಡುತ್ತದೆ. ಮೂರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಒಂದು ಕಡೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಅದು ನನಗೆ ಕಂಡದ್ದು ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಹನಿಯುತ್ತಿರುವಾಗಲೇ. ನರ್ಸಮ್ಮ ಇಣುಕಿ, ‘ಷೇರ್ ಮಾರ್ಕೆಟ್ಟಾ?’ ಎಂದರು.

ಒಂದು ಹೋಲಿಕೆ ಮಾತ್ರ ನನಗೆ ನಗು ತರಿಸುತ್ತದೆ. ಕಿಡ್ನಿ ಹೋದರೆ ಕೆಂಪು ರಕ್ತಕಣ ಮಾಡಿಸುವ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನು ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಅದಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಸೈಕಲ್ ರೇಸಿನವರು ಕದ್ದು ಹಾಕಿಸಿಕೊಂಡು ಸಿಕ್ಕಿಬಿದ್ದ ಇಪಿಒ ಇದೇ. ರಕ್ತದಲ್ಲಿ ಆಮ್ಲಜನಕ ಹೆಚ್ಚು ಸಾಗಲಿ ಅಂತ ನನಗೆ ಅದು, ಕಾರಿಗೆ ಟರ್ಬೊ. ಹಿಮೋಗ್ಲೋಬಿನ್ ಅನ್ನೂ ಬೇಕಾದಷ್ಟು ಏರಿಸುವಂತಿಲ್ಲ. ಮಿತಿ ಮೀರಿದರೆ ರಕ್ತ ಹೆಪ್ಪುಗಟ್ಟುವ, ಸ್ಟ್ರೋಕ್ ಆಗುವ ಭಯ.

‘ರಸ್ತೆಯಲ್ಲಿ ಓಡಿಸ್ತೀಯಾ?’ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ಮೂಲ ವಿವರಣೆಯನ್ನು ಬದಲಿಸಲು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಟೋಯಿಂಗ್ ಗಾಡಿ ಮೇಲೆ ಹಾಕಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ. ಹೋಗುವುದಾದರೆ ಶನಿವಾರವೇ. ನನ್ನ ಸರದಿ ಸೋಮ, ಬುಧ, ಶುಕ್ರ. ಭಾನುವಾರದ ಹೊತ್ತಿಗೆ ನೀರು ತುಂಬಿಕೊಂಡು ಏದುಸಿರು ಶುರುವಾಗುತ್ತದೆ. ಖರ್ಚು ಎಷ್ಟಾಯಿತು ಎಂದು ಹೆಂಡತಿ ಒಬ್ಬಳಿಗೆ ಗೊತ್ತು, ಅವಳನ್ನು ಕೇಳಬೇಡಿ.

ಕೊನೆಗೆ ಎಲ್ಲರದೂ ಒಂದೇ ಬುದ್ಧಿಮಾತು: ‘ಟ್ರಾನ್ಸ್‌ಪ್ಲಾಂಟ್ ಆಗಲಿ, ಆಮೇಲೆ ಮಾಡಿದರಾಯ್ತು.’ ಮನೆಯಲ್ಲಿ ಯಾರದೂ ಹೊಂದಲಿಲ್ಲ. ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದೇನೆ. ಆ ಪಟ್ಟಿಗೆ ತಾರೀಖು ಇಲ್ಲ. ಅಪರಿಚಿತರೊಬ್ಬರ ಮನೆಯವರು ತಮ್ಮ ಅತಿ ಕೆಟ್ಟ ದಿನದಲ್ಲಿ ಹೂಂ ಅಂದರೆ ಮಾತ್ರ ನನಗೆ ಫೋನು ಬರುವುದು. ಅದನ್ನು ಬೇಗ ಬರಲಿ ಎಂದು ಬೇಡುವುದೂ ಕಷ್ಟ. ಬಂದ ಮೇಲೂ ಗ್ಯಾರೇಜು ತಕ್ಷಣ ಸಿಗುವುದಿಲ್ಲ. ಹೊಲಿಗೆ ಮಾಯುವ ತನಕ ಭಾರ ಎತ್ತುವಂತಿಲ್ಲ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಕೊಡುತ್ತಾರೆ, ಮೊದಲ ತಿಂಗಳುಗಳಲ್ಲಿ ಜಾಸ್ತಿ. ಆಗ ಧೂಳು, ತುಕ್ಕು, ಗುಜರಿ ಎಲ್ಲ ದೂರ. ಹಾಗೆ ನೋಡಿದರೆ ಕೊಳೆ ಮೆತ್ತಿಕೊಳ್ಳಲು ಈಗಲೇ ಒಳ್ಳೆಯ ಸಮಯ. ಫೋನು ಬಂದರೆ ಉಳಿದದ್ದನ್ನು ಮುಂದುವರಿಸಲು ಮೆಕ್ಯಾನಿಕ್ಕಿಗೆ ಇಸಿಯುವಿನ ಮ್ಯಾಪನ್ನು (ಪೆಟ್ರೋಲ್ ಲೆಕ್ಕದ ಪಟ್ಟಿಯನ್ನು) ಪೆನ್ ಡ್ರೈವಿಗೆ ಹಾಕಿ ಕೊಟ್ಟಿದ್ದೇನೆ. ಅವನದು ಒಂದೇ ತಕರಾರು, ಕ್ಲಚ್ ಪ್ಲೇಟು ಈ ಒತ್ತಡಕ್ಕೆ ಜಾರುತ್ತಿದೆ, ಮೊದಲು ಅದನ್ನು ತರಿಸಿ ಅಂತ.