ದೊಡ್ಡಪ್ಪ ಕೇಳಿದ ದಿಮ್ಮಿ

ಜುಲೈ 27, 2025, ಭಾನುವಾರ
ತೀರ್ಥಹಳ್ಳಿ ಹತ್ತಿರದ ಊರಿನ ಮನೆ

ಪುಷ್ಯ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ. ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ದೊಡ್ಡಪ್ಪನಿಗೆ ಬ್ಯಾಂಕಿನ ಖಾತೆ ನೋಡಬೇಕಿತ್ತು. ನಮ್ಮಲ್ಲಿ ಟವರ್ ಸಿಗುವುದು ದಣಪೆ ದಾಟಿ ದರೆ ಹತ್ತಿದರೆ ಮಾತ್ರ. ಒಂದೇ ಕೊಡೆಯಲ್ಲಿ ಇಬ್ಬರೂ ಹೋದೆವು. ಪಾಸ್‌ವರ್ಡ್ ಒತ್ತಿದೆ. ಒಟಿಪಿ ಬರಲಿಲ್ಲ. ಬಂದಾಗ ಅದರ ಟೈಮೇ ಮುಗಿದಿತ್ತು. ಮೂರು ಸಲವೂ ಹೀಗೇ ಆಯಿತು.

"ಲಾಗಿನ್ ಆಗ್ತಾ ಇಲ್ಲ ದೊಡ್ಡಪ್ಪ."

"ಲಾಗ್ ಅಂದ್ರೆ ದಿಮ್ಮಿ ಅಲ್ವೇನೋ ಮಾರಾಯ? ಬ್ಯಾಂಕಿಗೂ ದಿಮ್ಮಿಗೂ ಎಂತ ಸಂಬಂಧ?"

ಅವರು ನಾಟಾ ಡಿಪೋದಲ್ಲಿ ಗುಮಾಸ್ತರಾಗಿದ್ದವರು. ಸಾಗುವಾನಿ, ನಂದಿ, ಹೊನ್ನೆ ದಿಮ್ಮಿಗಳ ಅಳತೆ ಬರೆದೇ ಸರ್ವಿಸ್ ಮುಗಿಸಿದವರು. ನಕ್ಕುಬಿಡಬಹುದಿತ್ತು. ಆದರೆ ಅವರು ಹೇಳಿದ್ದು ಸರಿಯೇ. ಅದು ಆ ದಿಮ್ಮಿಯೇ.

ಒದ್ದೆ ಬಟ್ಟೆ ಬದಲಿಸಿ, ಒಲೆ ಮುಂದೆ ಕೂತು ಕಥೆ ಹೇಳಿದೆ. ಹಿಂದೆ ಹಡಗಿನವರಿಗೆ ವೇಗ ತಿಳಿಯಲು ಮೀಟರ್ ಇರಲಿಲ್ಲ. ಉದ್ದದ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿ, ತುದಿಗೆ 'ಲಾಗ್' ಎಂಬ ಮರದ ತುಂಡು ಕಟ್ಟಿ ಹಿಂದಿನಿಂದ ಸಮುದ್ರಕ್ಕೆ ಬಿಡುತ್ತಿದ್ದರು. ತುಂಡಿನ ಒಂದು ಅಂಚಿಗೆ ಸೀಸ ಹೊಡೆದಿರುವುದರಿಂದ ಅದು ನೀರಲ್ಲಿ ನೆಟ್ಟಗೆ ನಿಲ್ಲುತ್ತಿತ್ತು. ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಮರಳು ಗಡಿಯಾರದ 28 ಸೆಕೆಂಡಿನಲ್ಲಿ ಎಷ್ಟು ಗಂಟು ಕೈ ದಾಟಿತು ಅಂತ ಎಣಿಸುವುದು, ಅಷ್ಟೇ. ಗಂಟಿನಿಂದ ಗಂಟಿಗೆ 47 ಅಡಿ 3 ಇಂಚು ಇಟ್ಟರೆ ಒಂದು ಗಂಟಿಗೆ ಗಂಟೆಗೊಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್. ಹಡಗಿನ ವೇಗವನ್ನು ಇವತ್ತಿಗೂ 'ನಾಟ್', ಅಂದರೆ ಗಂಟು, ಅಂತಲೇ ಹೇಳುತ್ತಾರೆ. ವಿಲಿಯಂ ಬೋರ್ನ್ ಎಂಬ ಇಂಗ್ಲಿಷಿನವನು 1574ರಲ್ಲೇ ಈ ದಿಮ್ಮಿ-ಹಗ್ಗದ ಉಪಾಯ ಬರೆದಿಟ್ಟಿದ್ದ.

ಎಣಿಸಿದ್ದನ್ನು ಬರೆದಿಡುವ ಪುಸ್ತಕ ಲಾಗ್ ಬುಕ್ ಆಯಿತು. ಪುಸ್ತಕದಲ್ಲಿ ಬರೆಯುವುದಕ್ಕೇ 'ಲಾಗ್' ಎಂಬ ಹೆಸರು ಬಂತು.

"ನಮ್ಮ ಜೀಪಿಗೂ ಲಾಗ್ ಬುಕ್ ಇತ್ತಲ್ಲ! ಕಿಲೋಮೀಟರ್ ಬರೀದೆ ಡೀಸೆಲ್ ಕೊಡ್ತಿರ್ಲಿಲ್ಲ," ಅಂದರು ದೊಡ್ಡಪ್ಪ.

ಅದೇ ಪುಸ್ತಕ. 1960ರ ದಶಕದಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಯಾರು ಯಾವಾಗ ಬಂದರು, ಎಷ್ಟು ಹೊತ್ತು ಕೂತರು ಅಂತ ಲೆಕ್ಕ ಬೇಕಲ್ಲ? ಅಲ್ಲಿಗೂ ಈ ಮಾತು ಹೋಯಿತು. ಹಾಗಾಗಿ 'ಲಾಗ್ ಇನ್'ನಲ್ಲಿರುವ 'ಇನ್' ಬರೀ ಬಾಗಿಲು ತೆರೆದು ಒಳಗೆ ಹೋಗುವುದಲ್ಲ, ಬಂದೆ ಅಂತ ಪುಸ್ತಕದಲ್ಲಿ ಬರೆಸುವುದು. ಅದನ್ನು 'ಪ್ರವೇಶಿಸಿ' ಅನ್ನುವುದಕ್ಕಿಂತ ನಮ್ಮ 'ಹಾಜರಿ ಹಾಕು' ಎಷ್ಟೋ ಹತ್ತಿರ ಅನಿಸುತ್ತದೆ ನನಗೆ.

ನಾನು ಇಂಗ್ಲಿಷ್ ಹೇಳಿಕೊಡುವವನಾದ್ದರಿಂದ ಒಂದು ಗೊಣಗಾಟ ಇಲ್ಲೇ ಬರೆದುಬಿಡುತ್ತೇನೆ. ಕೆಲಸ ಹೇಳುವಾಗ 'ಲಾಗ್ ಇನ್' ಎರಡು ಪದ, ಹೆಸರಾದಾಗ 'ಲಾಗಿನ್' ಒಂದೇ ಪದ. ಮೊನ್ನೆ ಮಾಡಿದ್ದನ್ನು ಹೇಳಲು ಬದಲಾಗುವುದು ಮೊದಲ ತುಂಡು ಮಾತ್ರ: 'ಲಾಗ್ಡ್ ಇನ್'. ಹುಡುಗರು 'ಲಾಗಿನ್ಡ್' ಅಂತ ಬರೆಯುತ್ತಾರೆ, ನಾನು ಕೆಂಪು ಗೆರೆ ಎಳೆಯುತ್ತೇನೆ. ಕನ್ನಡದಲ್ಲಿ ಈ ರಗಳೆ ಇಲ್ಲ. ಎರಡನ್ನೂ ಸೇರಿಸಿ ಉಂಡೆ ಮಾಡಿ ಮುಂದೆ 'ಆಗು' ಹಚ್ಚಿದರೆ ಆಯಿತು. ಅದರಲ್ಲೂ 'ಲಾಗಿನ್ ಆಗ್ತಾ ಇಲ್ಲ' ಅಂದರೆ ತಪ್ಪು ಯಾರ ತಲೆಗೂ ಬರುವುದಿಲ್ಲ.

ದೊಡ್ಡಪ್ಪನಿಗೆ ಹಾಜರಿಯ ಮಾತು ಹಿಡಿಸಿತು. ಮಳೆ ಅಳೆದು ಬರೆಯುವ ಅವರ ಹಳೇ ಪುಸ್ತಕ ಮಾಡಿನಲ್ಲೇ ಇರುತ್ತದೆ. ತೆಗೆದು, ಇವತ್ತಿನ 'ನಾಲ್ಕು ಇಂಚು' ಕೆಳಗೆ ಇನ್ನೊಂದು ಸಾಲು ಬರೆದರು: 'ಬ್ಯಾಂಕಿನಲ್ಲಿ ಹಾಜರಿ ಆಗಲಿಲ್ಲ. ಮೂರು ಸಲ.'