ಯೆಮೆನ್ ಲೆಕ್ಕ, ಆರನೇ ವಾರ: 565 ಹುಣಸೆ ಬೀಜ

ಹೋದ ವಾರ ಹಾಸಿದ್ದ ಬೀಜಗಳನ್ನೆಲ್ಲ ಮತ್ತೆ ಡಬ್ಬಕ್ಕೆ ತುಂಬಬೇಕಾಯಿತು. ತಪ್ಪು ನನ್ನದೇ.

ಯೆಮೆನ್‌ನ ರಾಷ್ಟ್ರೀಯ ಸಂವಾದ ಸಮ್ಮೇಳನ, ಅಂದರೆ ದೇಶದ ಮುಂದಿನ ಆಡಳಿತ ಹೇಗಿರಬೇಕು ಅಂತ ಬೇರೆ ಬೇರೆ ಬಣದವರು ಕೂತು ಮಾತಾಡಿದ ಸಭೆ, 2013ರ ಮಾರ್ಚ್ 18ಕ್ಕೆ ರಾಜಧಾನಿ ಸನಾದಲ್ಲಿ ಶುರುವಾಗಿ 2014ರ ಜನವರಿ 25ಕ್ಕೆ ಮುಗಿಯಿತು. ಸದಸ್ಯರು 565, ಆದ್ದರಿಂದ ಬೀಜವೂ ಅಷ್ಟೇ. ಯಾರು ಎಲ್ಲಿ ಕೂತಿದ್ದರು, ವಿಶ್ವಸಂಸ್ಥೆಯಂಥ ಹೊರಗಿನವರ ನೆರವು ಎಲ್ಲಿಯವರೆಗೆ ಕೆಲಸ ಮಾಡಿತು ಅಂತ ನೆಲದ ಮೇಲೆ ನೋಡುವ ಆಸೆ ನನಗೆ. 'ಚೌಕಾಬಾರಕ್ಕೆ ಇಷ್ಟೊಂದು ಬೀಜವೇನೋ?' ಅಂತ ಅಮ್ಮ ಕೇಳಿಯಾಯಿತು.

ಎಡವಿದ್ದು ಇಲ್ಲಿ. ದಕ್ಷಿಣದವರು (1990ರವರೆಗೆ ಬೇರೆ ದೇಶವಾಗಿದ್ದ ಭಾಗದವರು) ಶೇ. 50, ಹೆಂಗಸರು ಶೇ. 30, ಯುವಕರು ಶೇ. 20 ಅನ್ನುವುದು ನಿಯಮ. ಕೂಡಿದರೆ ಸರಿಯಾಗಿ ನೂರು! ಸುಮ್ನೆ ಮೂರು ಗುಡ್ಡೆ ಮಾಡಿಬಿಟ್ಟೆ. ಆದರೆ ದಕ್ಷಿಣದ ಏಡನ್‌ನ ಯುವತಿಯೊಬ್ಬಳು ಮೂರು ಲೆಕ್ಕಕ್ಕೂ ಸೇರುತ್ತಾಳೆ ಅಲ್ವಾ? ಈಗ ಸೀಮೆಸುಣ್ಣದ ಗೆರೆಯ ಕೆಳಗಡೆ ದಕ್ಷಿಣ. ಹೆಂಗಸರ ಬೀಜಕ್ಕೆ ಒಂದು ಬದಿ ತೇಯ್ದು ಬಿಳಿ ಮಾಡಿದ್ದೇನೆ. ಯುವಕರಿಗೆ ಸುಣ್ಣದ ಚುಕ್ಕೆ. ಸುಮಾರು 170 ಬೀಜ ತೇಯುವಷ್ಟರಲ್ಲಿ ಬೆರಳು ಸುಟ್ಟಂತಾಯಿತು.

301 ಜನರ ಸಂಸತ್ತಿಗೆ 2003ರಲ್ಲಿ ಒಬ್ಬಳೇ ಹೆಂಗಸು ಗೆದ್ದಿದ್ದ ದೇಶವಿದು. ಕುರ್ಚಿ ಹಂಚಿಕೆಗೆ ವಿಶ್ವಸಂಸ್ಥೆಗೂ ಅದರ ದೂತ ಜಮಾಲ್ ಬೆನೊಮರ್ ಅವರಿಗೂ ಒಳ್ಳೆ ಅಂಕ ಕೊಡಲೇಬೇಕು. ಉತ್ತರದ ಬಂಡುಕೋರ ಗುಂಪಾದ ಹೌತಿಗಳಿಗೆ 35, ದಕ್ಷಿಣದ ಪ್ರತ್ಯೇಕತಾ ಚಳವಳಿ ಹಿರಾಕ್‌ಗೆ 85 ಸ್ಥಾನ ಸಿಕ್ಕಿತ್ತು. ಹೌತಿಗಳ ಕಡೆಯ ಇಬ್ಬರು ಸಮ್ಮೇಳನ ಮುಗಿಯುವ ಮೊದಲೇ ಗುಂಡಿಗೆ ಬಲಿಯಾದರು. ಆ ಎರಡು ಬೀಜ ತೆಗೆದಿಲ್ಲ, ಮಗುಚಿ ಇಟ್ಟಿದ್ದೇನೆ.

ಆಮೇಲೆ 22 ಬೀಜ ಎಣಿಸಿ ತಟ್ಟೆಗೆ ಹಾಕಿದೆ. ಸಮ್ಮೇಳನ ಮುಗಿದ ಮೇಲೆ ದೇಶದ ಆಗಿನ ಅಧ್ಯಕ್ಷ ಹಾದಿಯವರ ಮುಂದಾಳತ್ವದಲ್ಲಿ ಕೂತ ಸಮಿತಿ ಅದು. ಎರಡೇ ವಾರದಲ್ಲಿ, ಫೆಬ್ರವರಿ 10ಕ್ಕೆ, ದೇಶವನ್ನು ಆರು ಪ್ರಾಂತ್ಯ ಮಾಡಿಬಿಟ್ಟಿತು. ಹೌತಿಗಳ ನೆಲೆಯಾದ ಸಾದಾ ಸೇರಿದ್ದು ಅಜಾಲ್ ಪ್ರಾಂತ್ಯಕ್ಕೆ. ಅಲ್ಲಿ ಬಂದರೂ ಇಲ್ಲ, ಎಣ್ಣೆಯೂ ಇಲ್ಲ. ಅವರು ಒಪ್ಪಲಿಲ್ಲ. ಅದೇ ತಿಂಗಳು ಭದ್ರತಾ ಮಂಡಳಿ 2140ನೇ ನಿರ್ಣಯದಲ್ಲಿ ಸಂವಾದದ ಫಲವನ್ನು ಸ್ವಾಗತಿಸಿತು, ಅಡ್ಡಿ ಮಾಡುವವರಿಗೆ ನಿರ್ಬಂಧವನ್ನೂ ತಂದಿತು. ಸೆಪ್ಟೆಂಬರ್ 21ಕ್ಕೆ ಸನಾ ಹೌತಿಗಳ ಕೈಯಲ್ಲಿತ್ತು.

ಹತ್ತು ತಿಂಗಳು ಕೂತ 565 ಜನಕ್ಕಿಂತ ಎರಡು ವಾರ ಕೂತ ತಟ್ಟೆಯೇ ಭಾರವಾಯಿತು ಅನ್ನುವುದು ಸದ್ಯಕ್ಕೆ ನನ್ನ ಅನಿಸಿಕೆ. ಹೊರಗಿನವರ ನೆರವು ದೊಡ್ಡ ಹಾಲ್‌ನಲ್ಲೇ ನಿಂತಿತು ಅಂತ ಬರೆದೂ ಇದ್ದೆ, ಹೊಡೆದು ಹಾಕಿದೆ. ಯಾಕಂದ್ರೆ ದಕ್ಷಿಣದ ಸ್ಥಾನಮಾನ ಏನಾಗಬೇಕು ಅನ್ನುವ ವಿಷಯಕ್ಕೆ ಉತ್ತರ ಭಾಗದ 8, ದಕ್ಷಿಣ ಭಾಗದ 8 ಜನರ ಇನ್ನೊಂದು ಸಣ್ಣ ಸಮಿತಿ ಇತ್ತು. ಅಲ್ಲಿ ಮಾತುಕತೆ ನಡೆಸಿಕೊಟ್ಟವರು ಬೆನೊಮರ್ ಅವರೇ.

ಮುಂದಿನ ವಾರ ಆ 16 ಬೀಜ. ಇನ್ನೊಂದು ತಟ್ಟೆ ಕೇಳಬೇಕು.